ಬರ್ಲಿನ್‌ನ ಹ್ಯೂಗನಾಟ್ ಪೂರ್ವಜರು: ಫ್ರಾನ್ಸಿನ ಮೂಲ ಊರು ಪತ್ತೆ ಹೇಗೆ?

ಪ್ರಶ್ನೆ: 1760ರ ಬರ್ಲಿನ್‌ನ ಲೂಥರನ್ ಚರ್ಚ್ ದಾಖಲೆಯಲ್ಲಿ ಫ್ರೆಂಚ್ ಅಡ್ಡಹೆಸರು ಸಿಕ್ಕಿದೆ. ಅವರು ಹ್ಯೂಗನಾಟರು (ಕಿರುಕುಳ ತಾಳದೆ ದೇಶ ಬಿಟ್ಟ ಫ್ರಾನ್ಸಿನ ಪ್ರೊಟೆಸ್ಟಂಟರು) ಇರಬಹುದು. ಅದಕ್ಕಿಂತ ಹಿಂದಕ್ಕೆ ಹೋಗಲು ಎಲ್ಲಿಂದ ಶುರು ಮಾಡಬೇಕು?

ಉತ್ತರ 1: ನೇರ ಫ್ರಾನ್ಸಿಗೆ ಹಾರಬೇಡಿ, ಅಲ್ಲೇ ಎಲ್ಲರೂ ಎಡವೋದು. ಮೊದಲು ಬರ್ಲಿನ್‌ನ ಫ್ರೆಂಚ್ ರಿಫಾರ್ಮ್ಡ್ ಚರ್ಚಿನ (ಹ್ಯೂಗನಾಟರದೇ ಚರ್ಚು) ಮದುವೆ ದಾಖಲೆ ನೋಡಿ. ವರನ ಕಸುಬು, ಹುಟ್ಟೂರು, ತಂದೆಯ ಹೆಸರು ಹೆಚ್ಚಾಗಿ ಅಲ್ಲೇ ಇರುತ್ತೆ. ಹೆಂಗಸರನ್ನು ತವರಿನ ಅಡ್ಡಹೆಸರಲ್ಲಿ ಹುಡುಕಿ. ನಾಮಕರಣದ ಸಾಕ್ಷಿಗಳನ್ನೂ ಬರೆದಿಟ್ಟುಕೊಳ್ಳಿ, ಬಹುಪಾಲು ನೆಂಟರೋ ಊರವರೋ ಆಗಿರ್ತಾರೆ.

ಉತ್ತರ 2: ಮೇಲಿನದಕ್ಕೆ ಒಂದು ಸೇರ್ಪಡೆ. ದಾಖಲೆಯಲ್ಲಿ 'ಮ್ಯಾನ್‌ಹೈಮ್' ಅಂತಿದ್ದರೆ ಅದು ಹುಟ್ಟೂರಲ್ಲ, ಫ್ರಾನ್ಸಿನಿಂದ ಬರುವಾಗ ನಡುವೆ ತಂಗಿದ ಜರ್ಮನ್ ಊರಿರಬಹುದು. 1689ರಲ್ಲಿ ಫ್ರೆಂಚ್ ಸೇನೆ ಆ ಊರನ್ನು ನಾಶಮಾಡಿದಾಗ ಅಲ್ಲಿನ ನಿರಾಶ್ರಿತರು ಮಾಗ್ಡೆಬುರ್ಗ್‌ಗೆ ಬಂದರು. ಮಾಗ್ಡೆಬುರ್ಗ್‌ನ ಚರ್ಚ್ ಪುಸ್ತಕಗಳನ್ನೂ ತೆಗೆದು ನೋಡಿ. ಹೆಸ್ಸೆನ್-ಕಾಸೆಲ್ (ಆಗಿನ ಇನ್ನೊಂದು ಜರ್ಮನ್ ಸಂಸ್ಥಾನ) ಕಡೆಯವರಾದರೆ ಬಾಡ್ ಕಾರ್ಲ್ಸ್‌ಹಾಫೆನ್‌ನ ಹ್ಯೂಗನಾಟ್ ಮ್ಯೂಸಿಯಂ ಇದೆ.

ಉತ್ತರ 3: ಫ್ರಾನ್ಸಿನಲ್ಲಿ 1685ರಲ್ಲಿ ಪ್ರೊಟೆಸ್ಟಂಟ್ ಪಂಥ ನಿಷೇಧವಾದ ನಂತರ ಅವರ ಮಕ್ಕಳಿಗೂ ಕ್ಯಾಥೊಲಿಕ್ ದೀಕ್ಷಾಸ್ನಾನ ಕಡ್ಡಾಯವಾಗಿತ್ತು, ಹಾಗಾಗಿ ಅಲ್ಲಿನ ಕ್ಯಾಥೊಲಿಕ್ ಪ್ಯಾರಿಷ್ (ಊರ ಚರ್ಚಿನ) ಪುಸ್ತಕ ಬಿಡಬೇಡಿ. ತಾರೀಖಿನ ಗೊಂದಲವೂ ಇದೆ: ಬ್ರಾಂಡೆನ್‌ಬುರ್ಗ್ (ಬರ್ಲಿನ್ ಇದ್ದ ಸಂಸ್ಥಾನ) 1700ರವರೆಗೆ ಹಳೆಯ ಜೂಲಿಯನ್ ಪಂಚಾಂಗದಲ್ಲೇ ಇತ್ತು, ಫ್ರಾನ್ಸಿಗಿಂತ 10 ದಿನ ಹಿಂದೆ. ಇನ್ನು, ಫ್ರೆಂಚ್ ಅಡ್ಡಹೆಸರು ಅಂದಮಾತ್ರಕ್ಕೆ ಹ್ಯೂಗನಾಟ್ ಅಲ್ಲ, ವಲೂನರೂ (ಈಗಿನ ಬೆಲ್ಜಿಯಂ ಕಡೆಯ ಫ್ರೆಂಚ್ ಮಾತಿನವರು) ಸ್ವಿಸ್ಸರೂ ಆಗಿರಬಹುದು.