ತೀರ್ಮಾನ ಆದಮೇಲೆ ‘ಸಾರ್ವಜನಿಕ ಅಭಿಪ್ರಾಯ ಸಭೆ’ ಕರೆದಿದ್ದಾರೆ. ಹೋಗಬೇಕಾ?

ಮೈದಾನದ ಎದುರುಮನೆ:

ಎಲ್ಲರಿಗೂ ನಮಸ್ಕಾರ. ಪುರಸಭೆಯ ನಡವಳಿಯ, ಅಂದರೆ ಸಭೆಯಲ್ಲಿ ಆದದ್ದನ್ನು ಬರೆದಿಡುವ ದಾಖಲೆಯ, ಒಂದು ಪ್ರತಿ ನನ್ನ ಕೈಗೆ ಸಿಕ್ಕಿದೆ. ಅದರಲ್ಲಿರುವ ಒಂದು ಸಾಲನ್ನು ಇದ್ದ ಹಾಗೇ ಇಳಿಸುತ್ತಿದ್ದೇನೆ:

‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ: ಆಟದ ಮೈದಾನದ ಪೂರ್ವ ಭಾಗದಲ್ಲಿ ವಾಣಿಜ್ಯ ಮಳಿಗೆ ನಿರ್ಮಿಸಿ ದೀರ್ಘಾವಧಿ ಗುತ್ತಿಗೆಗೆ ನೀಡುವ ಬಗ್ಗೆ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು.’

ಅಷ್ಟೇ. ಯಾರು ಏನು ಹೇಳಿದರು, ಎಷ್ಟು ವರ್ಷದ ಗುತ್ತಿಗೆ, ಮಳಿಗೆ ಬೇಕು ಅಂತ ಕೇಳಿದ್ದು ಯಾರು, ಬೇರೆ ಜಾಗ ನೋಡಿದ್ದರಾ? ಒಂದೂ ಇಲ್ಲ. ಆ ದಿನದ ಅಜೆಂಡಾದಲ್ಲಿ ಮೈದಾನದ ಹೆಸರೇ ಇರಲಿಲ್ಲವಂತೆ.

ಜನ ಗೊಣಗಲು ಶುರು ಮಾಡಿದ ಮೇಲೆ ಈಗ ನೋಟಿಸ್ ಬೋರ್ಡಿನಲ್ಲಿ ‘ಸಾರ್ವಜನಿಕ ಅಭಿಪ್ರಾಯ ಸಂಗ್ರಹ ಸಭೆ’ ಅಂತ ಒಂದು ಹಾಳೆ ಅಂಟಿಸಿದ್ದಾರೆ. ಕೆಲಸದ ದಿನ, ಬೆಳಿಗ್ಗೆ 11 ಗಂಟೆ. ಒಬ್ಬೊಬ್ಬರಿಗೆ ಮೂರು ನಿಮಿಷ. ನಕ್ಷೆ ಮೊದಲೇ ನೋಡಬಹುದಾ ಅಂತ ಕೇಳಿದರೆ, ‘ಸಭೆಯಲ್ಲೇ ತೋರಿಸ್ತೀವಿ ಬನ್ನಿ’ ಅಂದರು.

ನಮ್ಮ ಬೀದಿಯಲ್ಲಿ ಎರಡು ಗುಂಪಾಗಿದೆ. ಹೋದರೆ ‘ಜನರನ್ನು ಕೇಳಿಯೇ ಮಾಡಿದ್ದೇವೆ’ ಅಂತ ಬರೆದುಕೊಳ್ಳುತ್ತಾರೆ, ಹೋಗಬಾರದು ಅಂತ ಒಂದು ಗುಂಪು. ಹೋಗದಿದ್ದರೆ ‘ಯಾರೂ ಆಕ್ಷೇಪಣೆ ಮಾಡಲಿಲ್ಲ’ ಅಂತ ಬರೆದುಕೊಳ್ಳುತ್ತಾರೆ ಅಂತ ಇನ್ನೊಂದು. ಇಬ್ಬರ ಮಾತೂ ಸರಿ ಅನ್ನಿಸುತ್ತಿದೆ, ಅದೇ ಕಷ್ಟ. ಹೋದರೆ ಆ ಮೂರು ನಿಮಿಷದಲ್ಲಿ ಏನು ಕೇಳಬೇಕು? ಕೂಗಾಡುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ನನಗೆ ಒಳಗಿನ ದಾರಿ ಗೊತ್ತಿರುವವರ ಮಾತು ಬೇಕು.

ನಡವಳಿ ಬರೆದವನು:

ಎದುರುಮನೆಯವರೇ, ನಾನು ಸರ್ವಿಸಿನ ಬಹುಪಾಲು ಇಂಥದ್ದೇ ಒಂದು ಕಚೇರಿಯಲ್ಲಿ ಕಳೆದವನು. ಅಜೆಂಡಾ ಟೈಪ್ ಮಾಡುವುದು, ಸಭೆಯಲ್ಲಿ ಮೂಲೆಯಲ್ಲಿ ಕೂತು ಗುರುತು ಹಾಕಿಕೊಳ್ಳುವುದು, ಆಮೇಲೆ ನಡವಳಿ ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸವಾಗಿತ್ತು. ನೀವು ಹಾಕಿದ ಸಾಲು ಓದಿ ನಗು ಬಂತು. ಹಳೇ ಪರಿಚಯದವರು ಸಿಕ್ಕ ಹಾಗಾಯಿತು.

ಅಲ್ಲಿ ಚರ್ಚೆ ಏನೂ ಆಗಿರುವುದಿಲ್ಲ. ಚರ್ಚೆ ಆಗಿರುವುದು ಹಿಂದಿನ ದಿನ, ಅಧ್ಯಕ್ಷರ ಕೊಠಡಿಯಲ್ಲೋ ಯಾರದೋ ಮನೆಯಲ್ಲೋ. ಸಭೆಗೆ ಬರುವಷ್ಟರಲ್ಲಿ ಏನಾಗಬೇಕು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಸಭೆಯ ಬಾಗಿಲು ತೆರೆದಿದ್ದರೆ ಎಲ್ಲ ಪಾರದರ್ಶಕ ಅಂತ ಜನ ನಂಬುತ್ತಾರೆ. ನಮ್ಮಲ್ಲಿ ಬಾಗಿಲು ತೆಗೆದೇ ಇರುತ್ತಿತ್ತು. ನೋಡಲು ಬರುವವರಿಗೆ ಹಿಂದೆ ಕುರ್ಚಿಯೂ ಹಾಕಿಸಿದ್ದೆವು. ಆದರೆ ಅವರ ಕೈಗೆ ಅಜೆಂಡಾ ಪ್ರತಿ ಕೊಡುತ್ತಿರಲಿಲ್ಲ. ‘ವಿಷಯ 14, ಅಂಗೀಕಾರ. ವಿಷಯ 15, ಅಂಗೀಕಾರ’ ಅಂತ ಕೇಳಿಸಿಕೊಂಡು ಪಾಪ ಎದ್ದು ಹೋಗುತ್ತಿದ್ದರು. 14 ಅಂದರೆ ಏನು ಅಂತ ಯಾರಿಗೆ ಗೊತ್ತು?

ತಂಟೆ ಆಗಬಹುದಾದ ವಿಷಯಕ್ಕೆ ಕೆಲವು ಮಾಮೂಲಿ ದಾರಿಗಳಿವೆ. ‘ಇತರೆ ವಿಷಯ’ದಲ್ಲಿ ತರುವುದು ಒಂದು. ದೊಡ್ಡ ಕೆಲಸವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡೂ ಟೆಂಡರ್ ಕರೆಯಲೇಬೇಕಾದ ಮೊತ್ತಕ್ಕಿಂತ ಕೆಳಗೆ ಬರುವ ಹಾಗೆ ನೋಡಿಕೊಳ್ಳುವುದು ಇನ್ನೊಂದು. ಮೊದಲು ಕೆಲಸ ಮುಗಿಸಿಬಿಟ್ಟು, ಆಮೇಲೆ ಘಟನೋತ್ತರ ಮಂಜೂರಾತಿ ಪಡೆಯುವುದಂತೂ ಬಹಳ ಸಲೀಸು. ಕಟ್ಟಿ ನಿಂತ ಗೋಡೆಯನ್ನು ಬೇಡ ಅನ್ನುವ ಸದಸ್ಯರು ಎಷ್ಟು ಜನ ಸಿಗುತ್ತಾರೆ?

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೋಗಿ. ಆದರೆ ಮೂರು ನಿಮಿಷವನ್ನು ಮೈದಾನ ಎಷ್ಟು ಚೆನ್ನಾಗಿದೆ, ಮಕ್ಕಳು ಎಲ್ಲಿ ಆಡಬೇಕು ಅಂತ ಹೇಳಲು ಕಳೆಯಬೇಡಿ. ಎಲ್ಲರೂ ಅದನ್ನೇ ಹೇಳುತ್ತಾರೆ. ಅಧ್ಯಕ್ಷರು ತಲೆ ಆಡಿಸುತ್ತಾರೆ, ‘ಭಾವನೆಗಳನ್ನು ಗಮನಿಸಲಾಯಿತು’ ಅಂತ ಒಂದು ಸಾಲು ಬರುತ್ತದೆ, ಮುಗಿಯಿತು.

ನೀವು ತಾರೀಖು ಕೇಳಿ. ಕಡತದಲ್ಲಿ ಇರುವ ಪ್ರತಿ ಕಾಗದಕ್ಕೂ ಒಂದು ತಾರೀಖು ಇರುತ್ತದೆ. ಮಳಿಗೆ ಬೇಕು ಅಂತ ಮೊದಲು ಬಂದ ಪತ್ರ ಯಾರದ್ದು, ಯಾವತ್ತು ಬಂತು? ಎಂಜಿನಿಯರ್ ಖರ್ಚಿನ ಅಂದಾಜು ಪಟ್ಟಿ ಮಾಡಿದ್ದು ಯಾವತ್ತು? ಜಾಗದ ಅಳತೆ ಯಾವತ್ತು ಆಯಿತು? ‘ಇತರೆ ವಿಷಯ’ ಇರುವುದು ತುರ್ತಿಗೆ. ನೀರಿನ ಪೈಪು ಒಡೆದರೆ ಅಲ್ಲಿ ತರಲಿ, ಯಾರೂ ಬೇಡ ಅನ್ನುವುದಿಲ್ಲ. ಮಳಿಗೆಯ ಯೋಚನೆ ರಾತ್ರೋರಾತ್ರಿ ಹುಟ್ಟುವುದಿಲ್ಲ. ಅಂದಾಜು ಪಟ್ಟಿ ಸಭೆಗೆ ಎಷ್ಟೋ ಮೊದಲೇ ಸಿದ್ಧವಾಗಿದ್ದರೆ, ಅಜೆಂಡಾದಲ್ಲಿ ಯಾಕೆ ಹಾಕಲಿಲ್ಲ ಅನ್ನುವುದಕ್ಕೆ ಅವರ ಹತ್ತಿರ ಉತ್ತರ ಇರುವುದಿಲ್ಲ.

ಇನ್ನೊಂದು. ಕಡತ ನೋಡಲು ಕೊಟ್ಟರೆ ಪತ್ರಗಳ ಭಾಗ ಮಾತ್ರ ತೋರಿಸಿ ಕಳಿಸುತ್ತಾರೆ. ನೀವು ಟಿಪ್ಪಣಿ ಹಾಳೆ ಕೇಳಿ. ಗುಮಾಸ್ತ ಏನು ಬರೆದ, ಮೇಲಿನವರು ಅದರ ಕೆಳಗೆ ಏನು ಬರೆದು ಸಹಿ ಹಾಕಿದರು, ಎಲ್ಲ ಅಲ್ಲಿರುತ್ತದೆ. ‘ನಿಯಮದಲ್ಲಿ ಅವಕಾಶವಿಲ್ಲ’ ಅಂತ ಕೆಳಗಿನವರು ಬರೆದಿದ್ದನ್ನು ದಾಟಿ ಮೇಲಿನವರು ಸಹಿ ಹಾಕಿದ ಹಾಳೆಗಳನ್ನು ನಾನೇ ನೋಡಿದ್ದೇನೆ. ಪುಟ ಸಂಖ್ಯೆ ನಡುವೆ ತಪ್ಪಿದ್ದರೆ ಅದನ್ನೂ ಬರೆದುಕೊಳ್ಳಿ.

ವಾರ್ಡ್ ಮೆಂಬರ್:

ನಾನು ಸದ್ಯ ಸದಸ್ಯ. ಬೇರೆ ಊರಿನವನು, ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದೇನೆ.

ನಡವಳಿ ಬರೆದವರು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಕಥೆ. ಬಜೆಟ್‌ಗೆ ಮೊದಲು ಸಲಹೆ ಕೊಡಿ ಅಂತ ನಾವು ಸಭೆ ಕರೆದಾಗ ಹಿಂದಿನ ಕುರ್ಚಿಗಳು ಖಾಲಿ ಹೊಡೆಯುತ್ತಿದ್ದವು. ಒಳಚರಂಡಿಗೆ ಮೈದಾನಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡು ಹೋಗುತ್ತದೆ. ಅದರ ನಕ್ಷೆ ನೋಡಲು ಒಬ್ಬರೂ ಬರಲಿಲ್ಲ. ಮನೆ ಮುಂದೆ ಏನಾದರೂ ಆದರೆ ಮಾತ್ರ ಎಲ್ಲರಿಗೂ ಪ್ರಜಾಪ್ರಭುತ್ವ ನೆನಪಾಗುತ್ತದೆ. ಪ್ರಶ್ನೆ ಕೇಳಿದವರ ಹೆಸರೇ ‘ಮೈದಾನದ ಎದುರುಮನೆ’, ಬೇಜಾರು ಮಾಡಿಕೊಳ್ಳಬೇಡಿ.

ಆ ಮಳಿಗೆ ಬೇಕು ಅನ್ನುವವರೂ ಊರಿನಲ್ಲಿ ಇರುತ್ತಾರೆ ಅಲ್ವಾ? ಬೀದಿ ಬದಿಯ ವ್ಯಾಪಾರಿ ಬೆಳಿಗ್ಗೆ 11ಕ್ಕೂ ಬರಲಾರ, ಸಂಜೆ 6ಕ್ಕೂ ಬರಲಾರ. ಸಭೆಗೆ ಬಂದು ಚೆನ್ನಾಗಿ ಮಾತಾಡುವವರೇ ಇಡೀ ಊರು ಅಂತ ನಾನು ಯಾಕೆ ಒಪ್ಪಬೇಕು? ಚಿಕ್ಕ ಪಟ್ಟಣಕ್ಕೆ ಸ್ವಂತ ಆದಾಯ ಅಂತ ಇರುವುದು ಮನೆ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ. ಬಾಡಿಗೆ ಬೇಡ ಅಂದರೆ ತೆರಿಗೆ ಏರಿಸಲಾ ಅಂತ ಕೇಳಿ ನೋಡಿ, ಯಾರೂ ಬಾಯಿ ಬಿಡುವುದಿಲ್ಲ.

ಎಲ್ಲವನ್ನೂ ಮೊದಲೇ ಹೊರಗೆ ಹಾಕಲೂ ಆಗುವುದಿಲ್ಲ. ಜಾಗ ಕೊಳ್ಳಲು ಎಷ್ಟರವರೆಗೆ ಹೋಗುತ್ತೇವೆ ಅಂತ ಬೋರ್ಡಿನಲ್ಲಿ ಬರೆದರೆ ಮಾರುವವನು ಅಷ್ಟೇ ಕೇಳುತ್ತಾನೆ. ಕೋರ್ಟಿನಲ್ಲಿರುವ ವಿಷಯ, ನೌಕರರ ಮೇಲಿನ ವಿಚಾರಣೆ, ಇವಕ್ಕೂ ಸ್ವಲ್ಪ ಮರೆ ಬೇಕು.

ಕಾನೂನು ಕಪಾಟು:

ಮೆಂಬರ್ ಸರ್, ಮರೆ ಬೇಕಾದ ವಿಷಯಗಳು ಇವೆ, ಒಪ್ಪಿದೆ. ಸ್ವಂತ ಜಾಗದಲ್ಲಿ ಮಳಿಗೆ ಕಟ್ಟುವುದು ಆ ಪಟ್ಟಿಗೆ ಹೇಗೆ ಸೇರುತ್ತದೆ?

‘ಇತರೆ ವಿಷಯ’ದ ರೋಗ ಎಲ್ಲ ಕಡೆ ಇದೆ. ಅಮೆರಿಕದ ವರ್ಮಾಂಟ್ ರಾಜ್ಯದ ಸಣ್ಣ ಊರುಗಳಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಮತದಾರರೆಲ್ಲ ಸೇರುವ ಊರಸಭೆ ನಡೆಯುತ್ತದೆ. ಯಾವ ಯಾವ ವಿಷಯ ಬರುತ್ತದೆ ಅಂತ ಕನಿಷ್ಠ 30 ದಿನ ಮೊದಲೇ ನೋಟಿಸ್ ಅಂಟಿಸಬೇಕು. ‘ಇತರೆ ವಿಷಯ’ದ ಅಡಿಯಲ್ಲಿ ಊರಿಗೆ ಅನ್ವಯಿಸುವ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವಂತಿಲ್ಲ ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಅಲ್ಲಿ ಮಾತಾಡಬಹುದು, ಅಷ್ಟೇ.

ಹಿಂದಿನ ದಿನದ ಗುಪ್ತ ಚರ್ಚೆಗೂ ಮದ್ದು ಹುಡುಕಿದವರಿದ್ದಾರೆ. ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆ 1953ರದ್ದು. ಮಾಮೂಲಿ ಸಭೆಗೆ 72 ಗಂಟೆ ಮೊದಲು ಅಜೆಂಡಾ ಹೊರಗೆ ಹಾಕಬೇಕು. ಬಹುಮತದಷ್ಟು ಸದಸ್ಯರು ಹೊರಗೆ ಸೇರಿ ಸಭೆಯ ವಿಷಯ ಚರ್ಚಿಸುವಂತಿಲ್ಲ. ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿ ಒಪ್ಪಿಸುವುದನ್ನೂ ಸಭೆ ಅಂತಲೇ ಲೆಕ್ಕ ಹಿಡಿಯುತ್ತಾರೆ.

ಬ್ರಿಟನ್ನಿನಲ್ಲಿ ಪತ್ರಕರ್ತರನ್ನು ಹೊರಗಿಡಲು ಕೌನ್ಸಿಲ್‌ಗಳು ಇಡೀ ಸಭೆಯನ್ನೇ ‘ಸಮಿತಿ’ ಅಂತ ಕರೆದುಕೊಳ್ಳುತ್ತಿದ್ದವು. 1960ರ ಕಾಯ್ದೆ ಅದಕ್ಕೆ ತಡೆ ಹಾಕಿತು. ಮೂರು ದಿನ ಮೊದಲು ನೋಟಿಸ್ ಹಾಕಬೇಕು, ಕೇಳಿದ ಪತ್ರಿಕೆಗೆ ಅಜೆಂಡಾ ಪ್ರತಿ ಕೊಡಬೇಕು ಅಂತ ಅದರಲ್ಲಿ ಬರೆದಿದ್ದರು. ಸರ್ಕಾರದ್ದಲ್ಲದ, ಸದಸ್ಯರೊಬ್ಬರ ಖಾಸಗಿ ಮಸೂದೆಯಾಗಿ ಅದನ್ನು ತಂದಿದ್ದು ಆಗಷ್ಟೇ ಸಂಸತ್ತಿಗೆ ಬಂದಿದ್ದ, ಮುಂದೆ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್.

ಭಾರತದಲ್ಲಿ ಮಾಹಿತಿ ಹಕ್ಕು ಕಾಯ್ದೆ 2005 ಇದೆ. ನಕಲು ಕೇಳುವುದಷ್ಟೇ ಅಲ್ಲ, ಕಡತವನ್ನು ಕೂತು ನೋಡಿ ಟಿಪ್ಪಣಿ ಮಾಡಿಕೊಳ್ಳುವ ಹಕ್ಕೂ ಅದರಲ್ಲಿದೆ. ಸಭೆಗಳು ಸಾರ್ವಜನಿಕರಿಗೆ ಮುಕ್ತವೇ, ನಡವಳಿ ಅವರಿಗೆ ಸಿಗುತ್ತದೆಯೇ ಅನ್ನುವುದನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು ಅಂತ 4ನೇ ಕಲಂ ಹೇಳುತ್ತದೆ. ಆದರೆ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಮಾತ್ರ. ಹಳ್ಳಿಗೆ ಗ್ರಾಮಸಭೆ, ದೊಡ್ಡ ನಗರಕ್ಕೆ ವಾರ್ಡ್ ಸಮಿತಿ. ನಡುವಿನ ಪಟ್ಟಣಗಳು ಆಯಾ ರಾಜ್ಯದ ಮರ್ಜಿಗೆ ಬಿಟ್ಟಿದ್ದು.

ಕಾನೂನು ಇದ್ದರೆ ಸಾಕು ಅಂತಲೂ ಅಲ್ಲ. ಅದೇ ಕ್ಯಾಲಿಫೋರ್ನಿಯಾದಲ್ಲಿ ಬೆಲ್ ಅಂತ ಒಂದು ಊರಿದೆ, 40 ಸಾವಿರದೊಳಗಿನ ಜನ. 2005ರಲ್ಲಿ ಒಂದು ವಿಶೇಷ ಮತದಾನ ನಡೆಸಿ, ಸದಸ್ಯರ ಸಂಬಳಕ್ಕೆ ರಾಜ್ಯ ಹಾಕಿದ್ದ ಮಿತಿಯಿಂದ ಬಿಡಿಸಿಕೊಂಡರು. ಬಿದ್ದ ಮತ 400ಕ್ಕಿಂತ ಕಡಿಮೆ. ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ 2010ರಲ್ಲಿ ಬಯಲು ಮಾಡುವ ಹೊತ್ತಿಗೆ ಅಲ್ಲಿನ ಮುಖ್ಯ ಆಡಳಿತಾಧಿಕಾರಿಯ ಸಂಬಳ ವರ್ಷಕ್ಕೆ 8 ಲಕ್ಷ ಡಾಲರ್ ಹತ್ತಿರ ಮುಟ್ಟಿತ್ತು. ಅರೆಕಾಲಿಕ ಸದಸ್ಯರು ಹೆಸರಿಗಷ್ಟೇ ಇದ್ದ ಮಂಡಳಿಗಳ ಲೆಕ್ಕದಲ್ಲಿ ವರ್ಷಕ್ಕೆ 1 ಲಕ್ಷ ಡಾಲರ್‌ನಷ್ಟು ತೆಗೆದುಕೊಳ್ಳುತ್ತಿದ್ದರು. ಅಜೆಂಡಾ 72 ಗಂಟೆ ಮೊದಲು ಹಾಕುವ ಕಾನೂನು ಅಲ್ಲೂ ಇತ್ತು. ಓದುವವರು ಇರಲಿಲ್ಲ. ಆ ಮಟ್ಟಿಗೆ ಮೆಂಬರ್ ಸರ್ ಹೇಳಿದ್ದು ನಿಜ.

ನಡವಳಿ ಬರೆದವನು:

ಮೆಂಬರ್ ಸರ್, ಜನ ಬರುವುದಿಲ್ಲ ಅನ್ನುವ ದೂರು ನನಗೆ ಹಳೆಯದು. ಬಜೆಟ್ ಸಭೆಯ ನೋಟಿಸ್ ಹೇಗಿರುತ್ತದೆ? ‘ಸಾರ್ವಜನಿಕರು ಸಲಹೆ ನೀಡಲು ಕೋರಿದೆ.’ ಯಾವುದರ ಬಗ್ಗೆ ಸಲಹೆ? ಹೋದ ವರ್ಷ ಕೊಟ್ಟ ಸಲಹೆ ಏನಾಯಿತು? ಒಂದು ಸಲ ಬಂದು, ತಾನು ಹೇಳಿದ್ದು ಎಲ್ಲೂ ಕಾಣದಿದ್ದರೆ ಮತ್ತೆ ಯಾರು ಬರುತ್ತಾರೆ? ಅದಕ್ಕೆ ಬದಲಾಗಿ ‘ಬಾಡಿಗೆ ಆದಾಯ ಬೇಕು. ಮೈದಾನದ ಅಂಚು, ಹಳೇ ಗೋದಾಮಿನ ಜಾಗ, ಅಥವಾ ತೆರಿಗೆ ಏರಿಕೆ. ಮೂರರಲ್ಲಿ ಯಾವುದು?’ ಅಂತ ಲೆಕ್ಕದ ಸಮೇತ ಬೋರ್ಡಿನಲ್ಲಿ ಹಾಕಿ ನೋಡಿ. ಅಂದಾಜು ಪಟ್ಟಿ ಮಾಡುವ ಮೊದಲು ಹಾಕಬೇಕು. ಒಮ್ಮೆ ಪಟ್ಟಿ ಮಾಡಿಸಿದ ಮೇಲೆ ಎಂಜಿನಿಯರ್‌ಗೂ ಅದೇ ಸರಿ, ಸದಸ್ಯರಿಗೂ ಅದೇ ಸರಿ ಆಗಿಬಿಡುತ್ತದೆ.

ವ್ಯಾಪಾರಿ ಸಭೆಗೆ ಬರಲಾರದಿದ್ದರೆ ಸಭೆಯೇ ಅವನ ಹತ್ತಿರ ಹೋಗಬಹುದು. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಲ್ಲಿ ಜನಸುನ್ವಾಯಿ, ಅಂದರೆ ಜನರ ಮುಂದೆಯೇ ವಿಚಾರಣೆ, ಶುರು ಮಾಡಿದರು. ಕಚೇರಿಯ ಕಾಗದಗಳನ್ನು, ಕೂಲಿಯವರ ಹಾಜರಿ ಪಟ್ಟಿಯಾದ ಮಸ್ಟರ್ ರೋಲನ್ನು, ಹಳ್ಳಿಯ ಬಯಲಿನಲ್ಲಿ ಗಟ್ಟಿಯಾಗಿ ಓದಿದರು. ಓದು ಬಾರದವರೂ ಎದ್ದು ನಿಂತು ‘ಆ ಹೆಸರಿನವರು ಸತ್ತು ಹೋಗಿದ್ದಾರೆ’, ‘ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ’ ಅಂದರು. ಜನರಿಗೆ ಆಸಕ್ತಿ ಇಲ್ಲ ಅನ್ನುವ ಮಾತು ಅಲ್ಲಿ ನಿಲ್ಲಲಿಲ್ಲ.

ವಾರ್ಡ್ ಮೆಂಬರ್:

ಮೂರು ಆಯ್ಕೆಯ ಮಾತು ಹಿಡಿಸಿತು. ನಮ್ಮ ಅಧ್ಯಕ್ಷರು ಒಪ್ಪುತ್ತಾರೆ ಅಂತ ಭರವಸೆ ಕೊಡಲಾರೆ. ತೆರಿಗೆ ಏರಿಕೆ ಅನ್ನುವ ಪದ ಬೋರ್ಡಿನಲ್ಲಿ ನೋಡಿದರೇ ಅವರು ಹರಿಹಾಯುತ್ತಾರೆ. ಉಳಿದ ಎರಡನ್ನಾದರೂ ಹಾಕಿಸಲು ನೋಡುತ್ತೇನೆ.

ಮೈದಾನದ ಎದುರುಮನೆ:

ಮೆಂಬರ್ ಸರ್, ಹೆಸರಿನ ಬಗ್ಗೆ ಹೇಳಿದಿರಿ. ಹೌದು, ನನ್ನ ಮನೆ ಎದುರೇ. ಆ ಮಳಿಗೆ ಬಂದರೆ ನನ್ನ ಮನೆಯ ಬೆಲೆ ಏರುತ್ತದೆ, ಕಡಿಮೆ ಆಗುವುದಿಲ್ಲ. ಅದು ಹಾಗಿರಲಿ.

ಕಡತ ನೋಡಬೇಕು ಅಂತ ಕಚೇರಿಗೆ ಅರ್ಜಿ ತೆಗೆದುಕೊಂಡು ಹೋದೆ. ಓದಿ ನೋಡಿ, ‘ಸಭೆ ಆಗಲಿ, ಆಮೇಲೆ ಬನ್ನಿ’ ಅಂತ ಕೈಗೇ ವಾಪಸ್ ಕೊಟ್ಟರು. ಈಗ ಏನು ಮಾಡಲಿ?

ನಡವಳಿ ಬರೆದವನು:

ಮೇಜಿನ ಹಿಂದೆ ಕೂತವರ ಕೈಗೆ ಕೊಡಬೇಡಿ. ಹೊರಗಿನಿಂದ ಬರುವ ಕಾಗದ ತೆಗೆದುಕೊಳ್ಳುವ ಆವಕ ವಿಭಾಗಕ್ಕೆ ಕೊಡಿ, ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಆವಕದಲ್ಲಿ ಎರಡು ಪ್ರತಿ ಇಟ್ಟುಕೊಂಡು ಹೋಗಿ, ನಿಮ್ಮ ಪ್ರತಿಯ ಮೇಲೆ ಸಂಖ್ಯೆ, ತಾರೀಖು, ಸೀಲು ಮೂರನ್ನೂ ಹಾಕಿಸಿಕೊಳ್ಳಿ. ಬರೀ ಸಹಿ ಸಾಲದು.

ಸಭೆಯ ದಿನದೊಳಗೆ ಕಡತ ತೋರಿಸದಿದ್ದರೆ ನಿಮ್ಮ ಮೂರು ನಿಮಿಷದಲ್ಲಿ ಮೊದಲು ಇದನ್ನು ಹೇಳಿ: ‘ಇಂಥ ಸಂಖ್ಯೆಯ ಅರ್ಜಿ ಇಂಥ ದಿನ ಕೊಟ್ಟಿದ್ದೇನೆ. ಕಡತ ತೋರಿಸಿಲ್ಲ. ಅದನ್ನು ನೋಡದೆ ಅಭಿಪ್ರಾಯ ಹೇಳಲು ಆಗುವುದಿಲ್ಲ. ಹೀಗೆ ಹೇಳಿದ್ದನ್ನು ನಡವಳಿಯಲ್ಲಿ ದಾಖಲಿಸಿ.’ ಅಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಮೂಲೆಯಲ್ಲಿ ಬರೆದುಕೊಳ್ಳುತ್ತಾ ಕೂತಿರುವವರ ಮುಂದೆ ಇಡಿ. ಅವರ ಜತೆ ಜಗಳ ಬೇಡ. ಬಾಯಲ್ಲಿ ಹೇಳಿದ್ದು ಗಲಾಟೆಯಲ್ಲಿ ಕೇಳಿಸಲಿಲ್ಲ ಅನ್ನಬಹುದು, ಸಹಿ ಇರುವ ಹಾಳೆಯನ್ನು ಕಡತಕ್ಕೆ ಸೇರಿಸಲೇಬೇಕಾಗುತ್ತದೆ. ನಿಮ್ಮ ಬೀದಿಯ ‘ಹೋಗಬಾರದು’ ಅನ್ನುವ ಗುಂಪಿನವರಿಗೂ ಒಂದೊಂದು ಹಾಳೆ ಕೊಟ್ಟು ಕರೆದುಕೊಂಡು ಹೋಗಿ.