ಸೋಯಿಚಿ ತೆರಾಡಾ ಕಾಣೆಯಾಗಿದ್ದೇ ಯಾವಾಗ? ಟೋಕಿಯೊದ ಒಬ್ಬ ಹೌಸ್ ಸಂಗೀತಗಾರನ ಬಗ್ಗೆ ಚರ್ಚೆ

ವಿನಯ್_ಬೀಟ್:
ಸೋಯಿಚಿ ತೆರಾಡಾ ಬಗ್ಗೆ ಯಾರು ಬರೆದರೂ ಕಥೆ ಒಂದೇ. 1965ರಲ್ಲಿ ಟೋಕಿಯೊದಲ್ಲಿ ಹುಟ್ಟಿದವರು. 90ರ ಶುರುವಿನಲ್ಲಿ ಫಾರ್ ಈಸ್ಟ್ ರೆಕಾರ್ಡಿಂಗ್ ಅನ್ನೋ ತಮ್ಮದೇ ಲೇಬಲ್‌ನಿಂದ (ರೆಕಾರ್ಡ್ ತರುವ ಸಂಸ್ಥೆ) ಚೆಂದದ ಹೌಸ್ ರೆಕಾರ್ಡುಗಳನ್ನು ತಂದರು. ಹೌಸ್ ಅಂದರೆ ಕ್ಲಬ್ಬುಗಳಲ್ಲಿ ಕುಣಿಯಲು ಹಾಕುವ ಎಲೆಕ್ಟ್ರಾನಿಕ್ ಸಂಗೀತ. ಯಾರೂ ಕೇಳಲಿಲ್ಲ. ಆಮೇಲೆ ಕಾಣೆಯಾದರು. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರಶ್ ಅವರ್ ಲೇಬಲ್ ಅವರನ್ನು ಹುಡುಕಿ ತೆಗೆದು, ಹಳೆಯ ಟ್ರ್ಯಾಕ್‌ಗಳನ್ನು ಸೇರಿಸಿ 'ಸೌಂಡ್ಸ್ ಫ್ರಮ್ ದಿ ಫಾರ್ ಈಸ್ಟ್' ಅಂತ ಸಂಕಲನ ತಂದಿತು. ಅಲ್ಲಿಂದ ಯೂರೋಪಿನ ಸಂಗೀತ ಹಬ್ಬಗಳು, ಜನ, ಚಪ್ಪಾಳೆ.

ಈ ಕಥೆ ಓದಿದಾಗಲೆಲ್ಲ ನನಗೆ ಕಿರಿಕಿರಿ. 'ಕಾಣೆಯಾದ' ಮನುಷ್ಯ 1996ರಲ್ಲಿ 'ಸುಮೋ ಜಂಗಲ್' ಆಲ್ಬಮ್ ಮಾಡಿದ್ದು ಹೇಗೆ? 1999ರಲ್ಲಿ ಸೋನಿಯ ಏಪ್ ಎಸ್ಕೇಪ್ ವಿಡಿಯೋ ಗೇಮ್‌ಗೆ ಸಂಗೀತ ಕೊಟ್ಟಿದ್ದು ಯಾರು? ಓಮೊಡಾಕಾ ಹೆಸರಿನಲ್ಲಿ ಜಪಾನಿನ ಜನಪದ ಹಾಡುಗಳನ್ನು ಎಲೆಕ್ಟ್ರಾನಿಕ್ ಸಂಗೀತದ ಜೊತೆ ಕಟ್ಟಿದ್ದು ಯಾರು? ಅವರು ಎಲ್ಲೂ ಹೋಗಿರಲಿಲ್ಲ. ಹೌಸ್ ಕೇಳುವವರು ಆ ಕಡೆ ತಿರುಗಿ ನೋಡಲಿಲ್ಲ, ಅಷ್ಟೇ.

ಕೋತಿಕಾಟ:
ಕೊನೆಗೂ ಯಾರೋ ಬಾಯಿ ಬಿಟ್ಟರು! ನಾನು ತೆರಾಡಾ ಅವರ ಹೆಸರು ಗೊತ್ತಾಗುವ ಮೊದಲೇ ಅವರ ಅಭಿಮಾನಿ. ಏಪ್ ಎಸ್ಕೇಪ್ ಆಡಲು ಎರಡು ಅನಲಾಗ್ ಕಡ್ಡಿ ಇರುವ ಡ್ಯುಯಲ್‌ಶಾಕ್ (ಪ್ಲೇಸ್ಟೇಷನ್ನಿನ ಕಂಟ್ರೋಲರ್) ಬೇಕೇ ಬೇಕು. ಅದು ಇಲ್ಲದಿದ್ದರೆ ಆಟ ನಡೆಯದು ಅನ್ನೋ ಮೊದಲ ಗೇಮ್ ಅದೇ. ಎಡಗಡ್ಡಿಯಲ್ಲಿ ಓಡಬೇಕು, ಬಲಗಡ್ಡಿಯನ್ನು ಗಿರ್ರನೆ ತಿರುಗಿಸಿ ಬಲೆ ಬೀಸಬೇಕು. ತಲೆಯ ಮೇಲೆ ಸೈರನ್ ಇಟ್ಟುಕೊಂಡ ಕೋತಿ ನಿಮ್ಮನ್ನು ನೋಡಿದ ಕೂಡಲೇ ಓಟ ಕೀಳುತ್ತದೆ. ಹಿಂದೆ ಡ್ರಮ್ ಅಂಡ್ ಬೇಸ್, ಅಂದರೆ ಬಿರುಸಿನ ಡ್ರಮ್ಮಿನ ಕ್ಲಬ್ ಸಂಗೀತ, ಓಡುತ್ತಿರುತ್ತದೆ. ಮಕ್ಕಳ ಗೇಮ್ ಗುರೂ ಅದು! ಲಂಡನ್ನಿನ ಕ್ಲಬ್ಬುಗಳ ಲಯವನ್ನು ಎಂಟು ವರ್ಷದ ಹುಡುಗರ ಕಿವಿಗೆ ಹಾಕಿದರು. ಆ ಕಾಲದಲ್ಲಿ ಅವರಿಗೆ ಇದಕ್ಕಿಂತ ಜಾಸ್ತಿ ಕೇಳುಗರು ಎಲ್ಲಿ ಸಿಗುತ್ತಿದ್ದರು?

ಹಳೇಕ್ಯಾಸೆಟ್:
ವಿನಯ್ ಅವರೇ, ಸಿಟ್ಟು ಅರ್ಥ ಆಗುತ್ತೆ. ಆದರೆ ಯೂರೋಪಿನವರು ಮರುಮುದ್ರಣ ಮಾಡಿದ್ದೇ ತಪ್ಪು ಅನ್ನೋ ಧಾಟಿ ಬೇಡ. ನಮ್ಮ ದೇಶದ ಉದಾಹರಣೆಯನ್ನೇ ನೋಡಿ. ಮುಂಬಯಿಯ ಚರಣ್‌ಜಿತ್ ಸಿಂಗ್ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಟಿಬಿ 303, ಟಿಆರ್ 808 ಅನ್ನೋ ಬೇಸ್, ಡ್ರಮ್ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ರೆಕಾರ್ಡ್ ತಂದರು. ಓಡಲಿಲ್ಲ. 2002ರಲ್ಲಿ ಒಬ್ಬ ಡಚ್ ಸಂಗ್ರಾಹಕನ ಕೈಗೆ ಅದು ಸಿಕ್ಕಿತು, 2010ರಲ್ಲಿ ಮರುಮುದ್ರಣ ಆಯಿತು. ಎಪ್ಪತ್ತು ದಾಟಿದ ಮೇಲೆ ಆ ಹಿರಿಯರು ಯೂರೋಪಿನ ವೇದಿಕೆಗಳಲ್ಲಿ ನುಡಿಸಿದರು. 2015ರಲ್ಲಿ ತೀರಿಕೊಂಡರು. ಆ ಡಚ್ಚರವನು ಇಲ್ಲದಿದ್ದರೆ? ನಾವಂತೂ ಹುಡುಕುತ್ತಿರಲಿಲ್ಲ.

ವಿನಯ್_ಬೀಟ್:
@ಹಳೇಕ್ಯಾಸೆಟ್ ಒಳ್ಳೆ ಉದಾಹರಣೆ, ಆದರೆ ಅದು ನನ್ನ ಕಡೆಗೇ ವಾಲುತ್ತದೆ ಸರ್. ಚರಣ್‌ಜಿತ್ ಸಿಂಗ್ ಕೂಡ ಎಲ್ಲೂ ಹೋಗಿರಲಿಲ್ಲ. ಮದುವೆ, ಪಾರ್ಟಿಗಳಲ್ಲಿ ನುಡಿಸಿಕೊಂಡೇ ಇದ್ದರು. ಆದರೂ ಬರೆದವರೆಲ್ಲ ಆ ಒಂದು ರೆಕಾರ್ಡಿಗೇ ಜೋತುಬಿದ್ದರು. ಉಳಿದ ಜೀವನವೆಲ್ಲ ಅಡಿಟಿಪ್ಪಣಿ.

ಸುಮಾ_ಉಡುಪಿ:
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ ಮಾರಾಯ್ರೆ. 'ಯಾರೂ ಕೇಳಲಿಲ್ಲ' ಅನ್ನೋದೇ ಸುಳ್ಳು. ಜಪಾನಿನ ಗಾಯಕಿ ನಾಮಿ ಶಿಮಾಡಾ ಹಾಡಿದ 'ಸನ್‌ಶವರ್' ಅನ್ನು ತೆರಾಡಾ ಹೌಸ್ ರೂಪಕ್ಕೆ ತಂದರು. ಅದನ್ನು ಮತ್ತೆ ರೀಮಿಕ್ಸ್ ಮಾಡಿದ್ದು ಯಾರು ಗೊತ್ತಾ? ಲ್ಯಾರಿ ಲೆವನ್! ನ್ಯೂಯಾರ್ಕಿನ ಪ್ಯಾರಡೈಸ್ ಗರಾಜ್ ಕ್ಲಬ್ಬನ್ನು ಹತ್ತು ವರ್ಷ ಕುಣಿಸಿದ ಡಿಜೆ. ಆ ಕ್ಲಬ್ಬಿನಿಂದಲೇ ಒಂದು ಸಂಗೀತ ಶೈಲಿಗೆ ಗರಾಜ್ ಅಂತ ಹೆಸರು ಬಂತು. ಲೆವನ್ 1992ರಲ್ಲಿ ತೀರಿಹೋದರು, ಅಂದರೆ ಇದು ಅವರ ಕೊನೆಗಾಲದ ಕೆಲಸಗಳಲ್ಲಿ ಒಂದು. ಟೋಕಿಯೊದ ಹುಡುಗನೊಬ್ಬನ ಟ್ರ್ಯಾಕನ್ನು ಅಂಥವರು ಮುಟ್ಟಿದ್ದಾರೆ ಅಂದರೆ ಕೇಳುವವರು ಕೇಳಿಯೇ ಇದ್ದರು. ಕಡಿಮೆ ಇದ್ದರು, ಒಪ್ಪುತ್ತೇನೆ.

ಇನ್ನೊಂದು. ಜಪಾನಿನಲ್ಲಿ ಆಗ ಕ್ಲಬ್ ನಡೆಸುವುದೇ ಒಂದು ತಲೆನೋವಾಗಿತ್ತು. 1948ರ ಕಾನೂನಿನ ಪ್ರಕಾರ ಜನ ಕುಣಿಯುವ ಜಾಗಕ್ಕೆ ಲೈಸೆನ್ಸ್ ಬೇಕಿತ್ತು, ಲೈಸೆನ್ಸ್ ಇದ್ದರೂ ಮಧ್ಯರಾತ್ರಿಯ ಮೇಲೆ ಕುಣಿತ ಬಂದ್ ಆಗುತ್ತಿತ್ತು. ಎಷ್ಟೋ ವರ್ಷ ಪೊಲೀಸರು ನೋಡಿಯೂ ನೋಡದ ಹಾಗೆ ಇದ್ದರು. 2010ರ ಹೊತ್ತಿಗೆ ಒಸಾಕಾದಲ್ಲಿ ದಾಳಿ ಶುರುವಾಯಿತು. ರ್‍ಯುಇಚಿ ಸಕಮೊಟೊ ಅಂಥ ಹೆಸರಾಂತ ಸಂಗೀತಗಾರರೂ ಈ ಕಾನೂನಿನ ವಿರುದ್ಧ ನಿಂತರು. 2015ರಲ್ಲಿ ಅದನ್ನು ಸಡಿಲಿಸುವ ತಿದ್ದುಪಡಿ, 2016ರ ಜೂನ್‌ನಲ್ಲಿ ಜಾರಿ. ಅಂಥ ಊರಿನಲ್ಲಿ ಬರೀ ಹೌಸ್ ನಂಬಿಕೊಂಡು ಬದುಕಲು ಆಗುತ್ತಿತ್ತಾ? ಗೇಮ್ ಕಡೆ ಹೋಗಿದ್ದರಲ್ಲಿ ಆಶ್ಚರ್ಯ ಏನಿದೆ?

ಕೋತಿಕಾಟ:
@ಸುಮಾ_ಉಡುಪಿ ಅಕ್ಕಾ, 'ಬದುಕಲು ಗೇಮ್ ಕಡೆ ಹೋದರು' ಅಂದರೆ ಗೇಮ್ ಸಂಗೀತ ಎರಡನೇ ದರ್ಜೆ ಅಂದ ಹಾಗಾಯಿತು. ಹಾಗಿಲ್ಲ. ಸುಮೋ ಜಂಗಲ್ ಕೇಳಿ ಮೆಚ್ಚಿಯೇ ಗೇಮ್ ಮಾಡುವವರು ಅವರನ್ನು ಹುಡುಕಿಕೊಂಡು ಬಂದದ್ದು. ಗೇಮಿನವರಿಗೆ ಬೇಕಿದ್ದದ್ದು ತೆರಾಡಾ ಅವರ ಜಂಗಲ್ಲೇ, ಅಂದರೆ ಡ್ರಮ್ ಅಂಡ್ ಬೇಸ್‌ನ ಹತ್ತಿರದ ನೆಂಟ. ಆ ಸರಣಿಗೆ ಮುಂದೆಯೂ ಅವರನ್ನು ಕರೆದರು.

ನಿದ್ದೆಗೆಟ್ಟವ:
ನಾನು ರಾತ್ರಿ ಹೊತ್ತು ಮನೆಯಲ್ಲೇ ಟ್ರ್ಯಾಕ್ ಮಾಡುವವನು. ಹಾಗಾಗಿ ಕೆಲಸದ ಕಡೆಯಿಂದ ಒಂದು ಮಾತು.

ತೆರಾಡಾ ಅವರ ಹಳೆಯ ಹೌಸ್ ಕೇಳಿದರೆ ಕಿವಿಗೆ ಮೊದಲು ಬೀಳುವುದು ಬೇಸ್. ದಪ್ಪ, ದುಂಡಗೆ, ಸ್ವಲ್ಪ ನೆಗೆಯುತ್ತಾ ಇರುತ್ತದೆ. ಅದರ ಮೇಲೆ ಆ ಕಾಲದ ಡಿಜಿಟಲ್ ಕೀಬೋರ್ಡಿನ ಪಿಯಾನೊ, ಆರ್ಗನ್. 1988ರಲ್ಲಿ ಬಂದ ಕೋರ್ಗ್ ಎಂ1ರ ಪಿಯಾನೊ ಆಗ ಹೌಸ್ ಮಾಡುವವರ ಅರ್ಧ ಸಂಸಾರ. ರೋಲ್ಯಾಂಡ್, ಕೋರ್ಗ್, ಅಕಾಯ್, ಎಲ್ಲಾ ಜಪಾನಿನವೇ. ಆ ಪೆಟ್ಟಿಗೆಗಳು ಷಿಕಾಗೊ, ನ್ಯೂಯಾರ್ಕಿಗೆ ಹೋಗಿ ಹೌಸ್ ಆದವು. ಆ ಹೌಸ್ ಕೇಳಿ ತೆರಾಡಾ ಅದೇ ಪೆಟ್ಟಿಗೆಗಳಿಂದ ತಮ್ಮದನ್ನು ಮಾಡಿದರು. ನ್ಯೂಯಾರ್ಕಿನವರ ಹೌಸ್‌ನಲ್ಲಿ ಚರ್ಚಿನ ಹಾಡಿನ ಬಿಸಿ ಇದೆ, ಹಾಡುವವರು ಎದೆ ಬಿಚ್ಚಿ ಹಾಡುತ್ತಾರೆ. ತೆರಾಡಾ ಅವರಲ್ಲಿ ಅದು ಕಡಿಮೆ. ಮಾತಿನ ಒಂದು ಚೂರನ್ನು ಸ್ಯಾಂಪ್ಲರ್‌ಗೆ (ಸದ್ದಿನ ತುಣುಕು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರ) ಹಾಕಿ ತಮಾಷೆಯಾಗಿ ಕತ್ತರಿಸುತ್ತಾರೆ, ಸುತ್ತ ಸ್ವರಗಳು ಮಿಣುಕುತ್ತಿರುತ್ತವೆ. ಆಮೇಲೆ ಬಂದ ಗೇಮ್ ಸಂಗೀತದ ಬೀಜ ಅಲ್ಲೇ ಇದೆ, ಕೇಳಿ ನೋಡಿ.

ಜೊತೆಗಾರ ಶಿನಿಚಿರೊ ಯೊಕೊಟಾ ಅವರನ್ನೂ ಯಾರಾದರೂ ನೆನೆಯಿರಪ್ಪ. 'ಡೂ ಇಟ್ ಅಗೇನ್' ಅವರದ್ದು. ಫಾರ್ ಈಸ್ಟ್ ಲೇಬಲ್ ಎಂದ ಕೂಡಲೇ ಎಲ್ಲರೂ ತೆರಾಡಾ ಅನ್ನುತ್ತಾರೆ, ಯೊಕೊಟಾ ಹೆಸರು ಬಿಟ್ಟೇಹೋಗುತ್ತದೆ.

ಧಾರವಾಡ_ಫೇಡೆ:
ಎಲ್ಲಾ ಓದಿದೆ. ಒಂದು ಪ್ರಶ್ನೆ ರೀ. ತೆರಾಡಾ ಅವರನ್ನ ಎಲ್ಲಾರೂ ಡಿಜೆ ಅಂತ ಯಾಕ ಕರೀತಾರ? ನಾನು ನೋಡಿದ ವಿಡಿಯೋದಾಗ ಅವರು ರೆಕಾರ್ಡ್ ಹಾಕೂದಿಲ್ಲ. ಮುಂದ ಕೀಬೋರ್ಡು, ಒಂದಿಷ್ಟು ಯಂತ್ರ, ಕೈಯಾಗ ಮೈಕು. ತಾವೇ ನುಡಸ್ತಾರ, ತಾವೇ ಕುಣೀತಾರ. ಮುಖದ ಮ್ಯಾಲಿನ ನಗು ಮಾತ್ರ ಒಂದು ಕ್ಷಣಾನೂ ಇಳಿಯೂದಿಲ್ಲ.

ಸುಮಾ_ಉಡುಪಿ:
@ಧಾರವಾಡ_ಫೇಡೆ ಡಿಜೆ ಕೆಲಸವೂ ಮಾಡಿದ್ದಾರೆ. ಆದರೆ ಈಗ ಜನ ಟಿಕೆಟ್ ತಗೊಂಡು ಬರುವುದು ಆ ಲೈವ್ ನೋಡಲಿಕ್ಕೇ. ಕತ್ತಲೆಯಲ್ಲಿ ತಲೆ ತಗ್ಗಿಸಿ ಗಂಭೀರವಾಗಿ ನಿಲ್ಲುವ ಟೆಕ್ನೋದವರ ನಡುವೆ ಈ ಮನುಷ್ಯ ಪೂರ್ತಿ ಉಲ್ಟಾ.

ವಿನಯ್_ಬೀಟ್:
ಆ ನಗುವಿನ ಬಗ್ಗೆಯೇ ಹೇಳಬೇಕು. ಅದು ಅವರ ಒಂದು ಮುಖ. ಓಮೊಡಾಕಾ ಕಾರ್ಯಕ್ರಮದ ವಿಡಿಯೋ ಯಾರಾದರೂ ನೋಡಿದ್ದೀರಾ? ತೆರಾಡಾ ಬಿಳಿ ಅಂಗಿ, ಕೆಂಪು ಲಂಗ ತೊಟ್ಟು ಶಿಂಟೊ ಗುಡಿಯ ಮಿಕೊ, ಅಂದರೆ ಗುಡಿಯ ಸೇವೆಯ ಹೆಣ್ಣುಮಗಳ ವೇಷದಲ್ಲಿ ಬರುತ್ತಾರೆ. ಮುಖಕ್ಕೆ ಮುಖವಾಡ. ನಗುವೂ ಇಲ್ಲ, ಮಾತೂ ಇಲ್ಲ. ಮುಂದೆ ಗೇಮ್ ಬಾಯ್, ನಿಂಟೆಂಡೊ ಡಿಎಸ್ ಥರದ ಕೈಯಾಟದ ಸಾಮಾನು, ಅವೇ ವಾದ್ಯ. ಹಾಡುವವರು ಅಕಿಕೊ ಕನಜಾವಾ, ಮಿನ್ಯೊ ಅನ್ನೋ ಜನಪದ ಹಾಡಿನ ಹೆಸರಾಂತ ಗಾಯಕಿ. ಅವರು ವೇದಿಕೆಯಲ್ಲಿ ಇರುವುದಿಲ್ಲ, ಪರದೆಯಲ್ಲಿ ಇರುತ್ತಾರೆ. ಆ ಎಳೆದೆಳೆದು ಹಾಡುವ ಕಂಠದ ಕೆಳಗೆ ಗೇಮ್ ಬಾಯ್ ಕೀಂಯ್ ಕೀಂಯ್ ಅನ್ನುತ್ತಿರುತ್ತದೆ. ವಿಚಿತ್ರ ಅನ್ನಿಸುತ್ತದೆ, ಎರಡು ನಿಮಿಷಕ್ಕೆ ಒಗ್ಗಿಬಿಡುತ್ತದೆ.

ನನ್ನ ಪ್ರಕಾರ ಅವರು ಮಾಡಿದ್ದರಲ್ಲಿ ಇದೇ ದೊಡ್ಡದು. ಹೌಸ್ ಚೆನ್ನಾಗಿ ಮಾಡಿದವರು ಜಗತ್ತಿನಲ್ಲಿ ನೂರಾರು ಜನ ಇದ್ದಾರೆ. ಇದನ್ನು ಬೇರೆ ಯಾರು ಮಾಡಿದ್ದಾರೆ ತೋರಿಸಿ. ಆದರೆ 2015ರ ಮೇಲೆ ಜನಕ್ಕೆ ಬೇಕಾಗಿದ್ದು 1991ರ ತೆರಾಡಾ. 2022ರಲ್ಲಿ 'ಅಸಕುಸಾ ಲೈಟ್' ಬಂತು, ಇಪ್ಪತ್ತೈದು ವರ್ಷದ ಮೇಲೆ ಬಂದ ಹೌಸ್ ಆಲ್ಬಮ್ ಅಂತ ಎಲ್ಲರೂ ಹಬ್ಬ ಮಾಡಿದರು. ಅದಕ್ಕಾಗಿ ಅವರು ಹಳೆಯ ಮಿಡಿ ಫೈಲುಗಳನ್ನು (ನುಡಿಸಿದ ಸ್ವರಗಳ ಕಂಪ್ಯೂಟರ್ ದಾಖಲೆ) ಕೆದಕಿ, ಮೂವತ್ತು ವರ್ಷದ ಹಿಂದಿನ ಮನಸ್ಸನ್ನು ನೆನಪಿಗೆ ತಂದುಕೊಂಡು ಕೂತರು. ಐವತ್ತು ದಾಟಿದವರು ಇಪ್ಪತ್ತೈದರ ತಮ್ಮನ್ನೇ ಅನುಕರಿಸಬೇಕಾಗಿ ಬಂತು. ಮರುಮುದ್ರಣದ ಬೆಲೆ ಇದೇ.

ನಿದ್ದೆಗೆಟ್ಟವ:
@ವಿನಯ್_ಬೀಟ್ ಇದು ಜಾಸ್ತಿ ಆಯ್ತು. ಅಸಕುಸಾ ಲೈಟ್ ಅನ್ನು ಹೆಡ್‌ಫೋನಿನಲ್ಲಿ ಸರಿಯಾಗಿ ಕೇಳಿ. ಸ್ವರಗಳ ಹಂದರ ಹಳೆಯದೇ, ನಿಜ. ಆದರೆ ಸದ್ದುಗಳ ನಡುವೆ ಜಾಗ ಎಷ್ಟಿದೆ! ಹಳೆಯ ರೆಕಾರ್ಡುಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹಾಕುವ ಹುರುಪು ಇತ್ತು. ಇಲ್ಲಿ ಬೇಡದ್ದನ್ನು ತೆಗೆದಿದ್ದಾರೆ. ಆ ವಯಸ್ಸಿನ ಹುಡುಗ ಇದನ್ನು ಮಾಡುತ್ತಿರಲಿಲ್ಲ. ಮತ್ತೆ, 'ಅನುಕರಿಸಬೇಕಾಗಿ ಬಂತು' ಅಂತ ನೀವು ಹೇಗೆ ಹೇಳುತ್ತೀರಿ? ಅವರಿಗೇ ಇಷ್ಟ ಆಗಿರಬಾರದಾ?

ಹಳೇಕ್ಯಾಸೆಟ್:
ಅದೇ ನಾನೂ ಹೇಳೋದು. ನಾವು ಇಲ್ಲಿ ಕೂತು ಅವರ ಪರವಾಗಿ ನೊಂದುಕೊಳ್ಳುತ್ತಿದ್ದೇವೆ, ಅವರು ಅಲ್ಲಿ ಕುಣಿಯುತ್ತಿದ್ದಾರೆ. ಇನ್ನು ದುಡ್ಡಿನ ವಿಷಯ. ಹಳೆ ಫಾರ್ ಈಸ್ಟ್ ರೆಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಸಂತೆಯಲ್ಲಿ ಎಷ್ಟೇ ದುಬಾರಿಗೆ ಕೈ ಬದಲಾದರೂ ಮಾಡಿದವರಿಗೆ ಒಂದು ಪೈಸೆ ಬರುವುದಿಲ್ಲ. ಲೇಬಲ್ ಒಪ್ಪಂದ ಮಾಡಿಕೊಂಡು ಮರುಮುದ್ರಿಸಿದರೆ ಬರುತ್ತದೆ. ಜಂಗಲ್ ಸಂಗೀತದ ಬೆನ್ನೆಲುಬಾದ 'ಅಮೆನ್' ಡ್ರಮ್ ತುಣುಕು ನುಡಿಸಿದ ಗ್ರೆಗರಿ ಕೋಲ್ಮನ್ ಅವರಿಗೆ ಏನೂ ಸಿಗಲಿಲ್ಲ, ಬೀದಿಪಾಲಾಗಿ 2006ರಲ್ಲಿ ಸತ್ತರು. ಅದರ ಮುಂದೆ ಇದು ಎಷ್ಟೋ ವಾಸಿ.

ವಿನಯ್_ಬೀಟ್:
ದುಡ್ಡಿನ ಮಾತಿಗೆ ನನ್ನ ತಕರಾರಿಲ್ಲ. ರಶ್ ಅವರ್ ಸಂಕಲನಕ್ಕೆ ಟ್ರ್ಯಾಕ್ ಆರಿಸಿದ ಡಿಜೆ ಹುನೀ ಬಗ್ಗೆಯೂ ಇಲ್ಲ. ಪ್ರೀತಿಯಿಂದ ಮಾಡಿದ ಕೆಲಸ ಅಂತ ಕೇಳಿದರೆ ಗೊತ್ತಾಗುತ್ತದೆ. ನನ್ನ ಜಗಳ ನಮ್ಮಂಥ ಕೇಳುಗರ ಜೊತೆ. ಸಂಕಲನ ಎಲ್ಲಿಗೆ ಮುಗಿಯುತ್ತೋ ನಮ್ಮ ಕುತೂಹಲವೂ ಅಲ್ಲಿಗೇ ಮುಗಿಯುತ್ತದೆ.

ಕೋತಿಕಾಟ:
ಎಲ್ಲರ ಕುತೂಹಲ ಅಲ್ಲ ಸ್ವಾಮಿ. 2024ರಲ್ಲಿ ಅವರು 'ಏಪ್ಸ್ ಇನ್ ದಿ ನೆಟ್' ಅಂತ ಏಪ್ ಎಸ್ಕೇಪ್ ಸಂಗೀತವನ್ನು ಹೊಸದಾಗಿ ಮಾಡಿ ತಂದರು. ಯಾಕೆ ತಂದರು? ಬಲೆ ಬೀಸಿ ಬೆಳೆದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಕ್ಲಬ್ಬಿಗೆ ಹೋಗುತ್ತಿದ್ದಾರೆ. ಆಮ್‌ಸ್ಟರ್‌ಡ್ಯಾಮ್ ಒಂದು ಬಾಗಿಲು ತೆರೆಯಿತು, ಒಪ್ಪಿದೆ. ಇನ್ನೊಂದು ಬಾಗಿಲು ನಾವು 1999ರಿಂದ ತೆರೆದೇ ಇಟ್ಟಿದ್ದೆವು.

ಧಾರವಾಡ_ಫೇಡೆ:
ಆತು ಬಿಡ್ರಿ. ಹೊಸಬರು ಯಾವುದರಿಂದ ಶುರು ಮಾಡಬೇಕು ಅಷ್ಟು ಹೇಳ್ರಿ. ಒಂದೇ ಹೆಸರು.

ಸುಮಾ_ಉಡುಪಿ:
ಸನ್‌ಶವರ್, ಲೆವನ್ ರೀಮಿಕ್ಸ್.

ನಿದ್ದೆಗೆಟ್ಟವ:
ಲೆವನ್ ರೀಮಿಕ್ಸ್‌ನಲ್ಲಿ ಕೇಳೋದು ಅರ್ಧ ಲೆವನ್ನೇ. 'ಸ್ಯಾಟರ್ಡೇ ಲವ್ ಸಂಡೇ' ಹಾಕಿ.

ಕೋತಿಕಾಟ:
ಸುಮೋ ಜಂಗಲ್. ಪೂರ್ತಿ. ಸೌಂಡ್ ಜೋರಾಗಿ ಇಟ್ಟು.

ವಿನಯ್_ಬೀಟ್:
ಓಮೊಡಾಕಾ ಅಂತ ಒಬ್ಬರೂ ಹೇಳಲಿಲ್ಲ, ನೋಡಿದಿರಾ?

ಧಾರವಾಡ_ಫೇಡೆ:
ಅಯ್ಯ, ನಾನು ಅದನ್ನ ಆಗಲೇ ಹಾಕೇನ್ರಿ. ಮನ್ಯಾಗ ನಮ್ಮವ್ವ ಬಂದು "ಇದೇನು ಸೀರಿಯಲ್ಲು" ಅಂತ ಕೇಳಿ ಕೂತಾಳ. ಇನ್ನೊಂದು ಹಾಕು ಅನ್ನಾಕತ್ತಾಳ.