ಬಿ.ಎ. ಇತಿಹಾಸದ ಓದು ಸಂಶೋಧನೆಗೆ ಎಷ್ಟರಮಟ್ಟಿಗೆ ಸಾಲುತ್ತದೆ?

ಕೊನೆಯ ವರ್ಷದ ವಿದ್ಯಾರ್ಥಿನಿ:
ಎಂ.ಎ. ಮುಗಿಸಿ, ವಿಜಯನಗರ ಕಾಲದ ಕೆರೆಗಳ ಬಗ್ಗೆ ಪಿಎಚ್.ಡಿ. ಮಾಡಬೇಕೆಂಬ ಆಸೆ ನನಗಿದೆ. ಆದರೆ ಈ ಮೂರು ವರ್ಷಗಳಲ್ಲಿ ನಾವು ಮಾಡಿದ್ದು ನೋಟ್ಸ್ ಬರೆದುಕೊಂಡು, ‘ಕೃಷ್ಣದೇವರಾಯನ ಸಾಧನೆಗಳನ್ನು ವಿವರಿಸಿ’ ಎಂಬಂಥ ಹತ್ತು ಅಂಕದ ಪ್ರಶ್ನೆಗಳಿಗೆ ಉತ್ತರ ಒಪ್ಪಿಸಿದ್ದಷ್ಟೇ. ಒಂದು ಶಾಸನವನ್ನೂ ಮೂಲದಲ್ಲಿ ಓದಿದ್ದಿಲ್ಲ. ಈ ತಳಪಾಯ ಸಂಶೋಧನೆಗೆ ಸಾಕೇ?

ನಿವೃತ್ತ ಅಧ್ಯಾಪಕ:
ಆ ಹತ್ತು ಅಂಕದ ಉತ್ತರಗಳನ್ನು ಪೂರ್ತಿ ತಳ್ಳಿಹಾಕಬೇಡಿ. ಯಾವ ಅರಸನ ಹಿಂದೆ ಯಾರು, ಯಾವ ಕಾಲಕ್ಕೆ ರಾಜ್ಯದ ಗಡಿ ಎಲ್ಲಿತ್ತು ಎಂಬುದು ಬಾಯಲ್ಲೇ ಇರದಿದ್ದರೆ, ಶಾಸನವೊಂದು ಕೈಗೆ ಬಂದಾಗ ಅದನ್ನು ಎಲ್ಲಿ ಇಟ್ಟು ನೋಡಬೇಕೆಂದೇ ತಿಳಿಯುವುದಿಲ್ಲ. ಪದವಿ ಕಲಿಸದೆ ಬಿಡುವುದು ಆಕರವನ್ನು ಪ್ರಶ್ನಿಸುವ ಅಭ್ಯಾಸವನ್ನು. ನಿಮ್ಮ ವಿಷಯಕ್ಕೇ ಸೇರಿದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಶಾಸನವನ್ನು ತೆಗೆದುಕೊಳ್ಳಿ. ಅದರ ಕಾಲ ಶಕ 1291, ಸೌಮ್ಯ ಸಂವತ್ಸರ, ಕಾರ್ತಿಕ ಮಾಸ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 1369 ಬರುತ್ತದೆ, ಇಲ್ಲಿ ಅದು ಸರಿ. ಅದೇ ಶಕವರ್ಷದ ಮಾಘ ಮಾಸದ ಶಾಸನವಾಗಿದ್ದರೆ 1370ಕ್ಕೆ ಹೋಗುತ್ತಿತ್ತು, ಏಕೆಂದರೆ ಶಕವರ್ಷ ಶುರುವಾಗುವುದು ಚೈತ್ರದಲ್ಲಿ, ಮಾಘ ಬರುವ ಹೊತ್ತಿಗೆ ಕ್ರಿಸ್ತವರ್ಷ ಬದಲಾಗಿರುತ್ತದೆ; ನನ್ನ ಎಂ.ಎ. ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಜನ ಇಲ್ಲೇ ಎಡವುತ್ತಿದ್ದರು. ಸಾವಿರ ಆಳುಗಳು ಎರಡು ವರ್ಷ ದುಡಿದು ಆ ಕೆರೆ ಕಟ್ಟಿದರೆಂದು ಶಾಸನ ಹೇಳುತ್ತದೆ. ಪರೀಕ್ಷೆಗೆ ಅಷ್ಟು ಬರೆದರೆ ಅಂಕ ಸಿಗುತ್ತದೆ. ಸಂಶೋಧಕಿಯಾದವಳು ಮಾತ್ರ, ಕಟ್ಟಿಸಿದವನ ಕೀರ್ತಿಗಾಗಿ ಕೆತ್ತಿಸಿದ ಬರಹದಲ್ಲಿ ‘ಸಾವಿರ’ ಎಂಬುದು ಲೆಕ್ಕವೋ ಹೊಗಳಿಕೆಯೋ, ಆ ಆಳುಗಳಿಗೆ ಕೂಲಿ ಯಾವ ಬೊಕ್ಕಸದಿಂದ ಬಂತು ಎಂದು ಕೇಳಬೇಕಾಗುತ್ತದೆ.

ಸಂಶೋಧನಾ ವಿದ್ಯಾರ್ಥಿ:
ಮೇಷ್ಟ್ರ ಮಾತಿಗೆ ನನ್ನದೊಂದು ಸೇರ್ಪಡೆ: ಭಾಷೆ ಮತ್ತು ಲಿಪಿ. ನಾನು ಬೆಳಗಾವಿ ಭಾಗದ ಪೇಶ್ವೆ ಕಾಲದ ಕಂದಾಯದ ವಿಷಯ ಹಿಡಿದೆ. ಅದರ ದಾಖಲೆಗಳಿರುವುದು ಪುಣೆಯ ಪೇಶ್ವೆ ದಫ್ತರದಲ್ಲಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ. ಪದವಿಯ ರಜೆಗಳಲ್ಲೇ ಕಲಿಯಬಹುದಾಗಿದ್ದ ಲಿಪಿಗೆ ಪಿಎಚ್.ಡಿ.ಯ ಮೊದಲ ವರ್ಷವೇ ಹೋಯಿತು. ನಿಮಗೆ ಹಳಗನ್ನಡ ಚೆನ್ನಾಗಿ ಬರಬೇಕು, ತೆಲುಗು ಮತ್ತು ಸಂಸ್ಕೃತ ಓದುವಷ್ಟಾದರೂ ತಿಳಿದಿರಬೇಕು. ಜೊತೆಗೆ, ‘ವಿಜಯನಗರ ಕಾಲದ ಕೆರೆಗಳು’ ಎಂಬುದು ಒಬ್ಬರ ಪ್ರಬಂಧಕ್ಕೆ ಬಲು ದೊಡ್ಡದು. ಒಂದು ತಾಲ್ಲೂಕಿಗೆ ಇಳಿಸಿಕೊಳ್ಳಿ.

ಕೊನೆಯ ವರ್ಷದ ವಿದ್ಯಾರ್ಥಿನಿ:
ಇಬ್ಬರಿಗೂ ಕೃತಜ್ಞತೆಗಳು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಶಾಸನಗಳ ಪಾಠಗಳನ್ನು ಜಿಲ್ಲಾವಾರು ಅಚ್ಚುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟವಿದೆ, ಇದುವರೆಗೆ ನಾನು ತೆರೆದಿರಲಿಲ್ಲ. ಸೋಮವಾರದಿಂದ ಅದರಲ್ಲಿ ಕೆರೆಯ ಹೆಸರು ಬರುವ ಶಾಸನಗಳನ್ನು ಗುರುತು ಹಾಕಿಕೊಳ್ಳಲು ಶುರುಮಾಡುತ್ತೇನೆ. ಮಾಸ ಮಾಘವೋ ಕಾರ್ತಿಕವೋ ಎಂದು ಮೊದಲು ನೋಡಿಕೊಂಡೇ 78 ಕೂಡಿಸುತ್ತೇನೆ, ಸರ್.